ಮಾಂಸಪೇಶಿಯ ಉತ್ಪತ್ತಿಯಲ್ಲಿ ಕಾರಣನಿರ್ಣಯ

ಕಾರ್ಯಕಾರಣಭಾವವನ್ನು ನಿಶ್ಚಯಿಸುವುದಕ್ಕೆ ಅನ್ವಯ, ವ್ಯತಿರೇಕ ಎಂಬ ಎರಡು ಸಾಧನಗಳನ್ನು ತಾರ್ಕಿಕರು ಹೇಳಿರುವರು. ಒಂದಿದ್ದರೆ ಮತ್ತೊಂದು ಉಂಟಾಗುವುದು ಅನ್ವಯ. ಅದಿಲ್ಲದಿದ್ದರೆ ಇದು ಉಂಟಾಗದಿರುವುದು ವ್ಯತಿರೇಕ. ಎಲುಬುಗಳನ್ನು ಚಲಿಸುವಂತೆ ಮಾಡುವ ಮಾಂಸಪೇಶಿಯು ಭ್ರೂಣದಲ್ಲಿ ಯಾವುದರಿಂದ ಹುಟ್ಟುವುದೆಂಬ ವಿಷಯದಲ್ಲಿ ಆಧುನಿಕ ಜೀವಶಾಸ್ತ್ರಜ್ಞರು 1987 ರಿಂದ 2004 ರ ವರೆಗೆ ನಡೆಸಿದ ವಿಚಾರವು ಈ ಎರಡು ಸಾಧನಗಳ ಬಲಾಬಲಗಳಿಗೆ ಉತ್ತಮವಾದ ನಿದರ್ಶನವಾಗಿರುವುದು.

ಪೇಶಿಯ ತಂತುವು ಒಂದೇ ಜೀವಕೋಶದ ವಿಸ್ತಾರವಲ್ಲ. ಭ್ರೂಣದ ಬೆನ್ನಿನ ಇಕ್ಕೆಲಗಳಲ್ಲಿ ಸಾಲಾಗಿ ಏರ್ಪಡುವ ಖಂಡಗಳಿಂದ ಮುಂಡದ ಮತ್ತು ಕೈಕಾಲುಗಳ ಪೇಶೀಜನಕ ಕೋಶಗಳು ಹೊರಡುವುವು. ಅವು ವಿಭಜನೆಯನ್ನು ನಿಲ್ಲಿಸಿ, ಒಂದರೊಡನೊಂದು ಬೆರೆತು, ಬಹುಕೇಂದ್ರಗಳುಳ್ಳ ನೀಳವಾದ ತಂತುವಾಗುವುವು. ಈ ಕೋಶಗಳಲ್ಲಿರುವ ಜೀನುಗಳೇ ಚರ್ಮ, ಎಲುಬು ಮೊದಲಾದವುಗಳ ಕೋಶಗಳಲ್ಲಿಯೂ ಇರುವುವು. ಹೀಗಿರಲು ಕೆಲವು ಕೋಶಗಳು ಮಾತ್ರ ಪೇಶಿಯಾಗುವುದಕ್ಕೆ ನಿಯಾಮಕವಾವುದು?

ಮೊದಲನೆಯ ಸುಳಿವು 1977ರಲ್ಲಿ ದೊರೆಯಿತು. ಇಲಿಯ ಭ್ರೂಣದಿಂದ ಬೆಳೆಸಿದ ಒಂದು ಕೋಶವಂಶಕ್ಕೆ 5-ಅಜಸೈಟಿಡೀನ್ ಎಂಬ ದ್ರವ್ಯವನ್ನು ಸೇರಿಸಲು, ಕೆಲವು ಕೋಶಗಳು ಪೇಶಿಗಳಾಗಿ ಮಾರ್ಪಟ್ಟುವು. ಆ ದ್ರವ್ಯವು ಡಿ.ಎನ್.ಎ. ಮೇಲಣ ಮೀಥೈಲ್ ಗುರುತುಗಳನ್ನು ಕಡಮೆಮಾಡಿ, ಸುಪ್ತವಾಗಿದ್ದ ಜೀನುಗಳನ್ನು ಎಚ್ಚರಿಸತಕ್ಕದ್ದು. ಎಚ್ಚತ್ತ ಜೀನಾವುದೆಂದು ಅಮೆರಿಕದ ಸಿಯಾಟಲ್ ನಗರದಲ್ಲಿ ಡೇವಿಸ್, ವೈನ್‌ಟ್ರಾಬ್, ಲ್ಯಾಸರ್ ಎಂಬವರು ಶೋಧಿಸಿ, 1987ರಲ್ಲಿ ಮೈಯೊ-ಡಿ ಎಂಬ ಜೀನನ್ನು ಪ್ರಕಟಪಡಿಸಿದರು. ಅದೊಂದನ್ನೇ ತಂತುಜನಕ ಕೋಶಗಳಲ್ಲಿ ವ್ಯಕ್ತಗೊಳಿಸಿದರೂ ಅವು ಪೇಶೀಜನಕಗಳಾದುವು. ಈ ಜೀನಿನ ಪ್ರೋಟೀನು ಸಹಾಯಕವಾದ ಮತ್ತೊಂದರೊಡನೆ ಜೊತೆಗೂಡಿ, ಡಿ.ಎನ್.ಎ.ಯ ನಿಯತಸ್ಥಾನಗಳನ್ನು ಹಿಡಿದು, ಪೇಶಿಗೆ ಬೇಕಾದ ಇತರ ಜೀನುಗಳನ್ನು ಪ್ರವರ್ತಿಸುವುದು. ವ್ಯಾಕರಣದಲ್ಲಿ ಅಧಿಕಾರಸೂತ್ರವು ಮುಂದಣ ಸೂತ್ರಗಳನ್ನು ಆಳುವಂತೆ ಇದು ಪೇಶೀಜೀನುಗಳನ್ನು ಆಳುವುದೆಂದು ತೋರಿತು. ಮೈಯೊಜೆನಿನ್, ಮಿಫ್-5, ಎಂಆರ್‌ಎಫ್-4 ಎಂಬ ಇದರ ಸೋದರಜೀನುಗಳೂ 1989ರಲ್ಲಿ ಬೆಳಕಿಗೆ ಬಂದುವು.

ಅನ್ವಯವು ಹೀಗೆ ಸಿದ್ಧಿಸಿತು. ವ್ಯತಿರೇಕವನ್ನು ಪರೀಕ್ಷಿಸುವುದಕ್ಕಾಗಿ ರುಡ್ನಿಕಿ, ಯೇನಿಷ್ ಮೊದಲಾದವರು 1992ರಲ್ಲಿ ಮೈಯೊ-ಡಿ ಇಲ್ಲದ ಇಲಿಗಳನ್ನು ಹುಟ್ಟಿಸಿದರು. ಅವು ಪೇಶಿಗಳೊಡನೆ ಹುಟ್ಟಿ ಬದುಕಿದುವು! ಕುಂಬಾರನ ಕತ್ತೆಯು ಮಣ್ಣನ್ನು ಹೊತ್ತು ತಂದರೂ ಘಟಕ್ಕೆ ಕಾರಣವಲ್ಲ, ಅದು ಅನ್ಯಥಾಸಿದ್ಧ. ಮೈಯೊ-ಡಿಯೂ ಅಂತಹದೇ ಎಂಬ ಶಂಕೆಗೆ ಇಲ್ಲಿ ಅವಕಾಶವಾಯಿತು. ಆದರೆ ಆ ಇಲಿಗಳಲ್ಲಿ ಮಿಫ್-5 ಹೆಚ್ಚಾಗಿ ವ್ಯಕ್ತವಾಗಿದ್ದಿತು. ಅದೇ ವರ್ಷ ಮಿಫ್-5 ಇಲ್ಲದ ಇಲಿಗಳನ್ನು ನೋಡಲು, ಅವುಗಳಲ್ಲಿಯೂ ಪೇಶಿಗಳಿದ್ದುವು. ಪಕ್ಕೆಲುಬುಗಳು ಮಾತ್ರ ವಿಕಲವಾಗಿ ಅವು ಹುಟ್ಟುತ್ತಲೇ ಸತ್ತುವು. 1993ರಲ್ಲಿ ಎರಡನ್ನೂ ಕೆಡಿಸಿದಾಗ ಪೇಶಿಯೂ ಇಲ್ಲ, ಪೇಶೀಜನಕ ಕೋಶಗಳೂ ಇಲ್ಲ! ಅದೇ ವರ್ಷ ಮೈಯೊಜೆನಿನ್ ಇಲ್ಲದ ಇಲಿಗಳಲ್ಲಿ ಪೇಶೀಜನಕ ಕೋಶಗಳಿದ್ದರೂ ಅವು ತಂತುಗಳಾಗಿ ಪಕ್ವವಾಗದೆ ಹೋದುವು. ಆದಕಾರಣ ಮೈಯೊ-ಡಿ, ಮಿಫ್-5 ಎಂಬ ಎರಡು ಕೋಶದ ಜಾತಿಯನ್ನು ನಿರ್ಧರಿಸುವುವು, ಮೈಯೊಜೆನಿನ್ ಅದನ್ನು ಪರಿಪಾಕಗೊಳಿಸುವುದು ಎಂಬ ಸಿದ್ಧಾಂತವು ನೆಲೆಗೊಂಡಿತು.

ಈ ಸಿದ್ಧಾಂತದ ವ್ಯತಿರೇಕದಲ್ಲಿ ಒಂದು ದೋಷವು ಅಡಗಿದ್ದಿತು. ಎಂಆರ್‌ಎಫ್-4 ಜೀನು ಡಿ.ಎನ್.ಎ.ಯಲ್ಲಿ ಮಿಫ್-5ರ ನೆರೆಯಲ್ಲಿಯೇ ಇರುವುದು. ಮಿಫ್-5ನ್ನು ಕೆಡಿಸಿದ ರೀತಿಯಿಂದ ನೆರೆಯ ಜೀನಿನ ವ್ಯಾಪಾರಕ್ಕೂ ಭಂಗವಾಗಿದ್ದಿತು. ನೆರೆಯದಕ್ಕೆ ಹಾನಿಯಾಗದಂತೆ ಮಿಫ್-5ನ್ನು ತೆಗೆದುಹಾಕಲು, ಪಕ್ಕೆಲುಬುಗಳು ಸರಿಯಾಗಿಯೇ ಬೆಳೆದುವೆಂದು 2000ದಲ್ಲಿ ತಿಳಿದುಬಂದಿತು. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ತಾಜ್‌ಬಕ್ಷ್ ಮತ್ತು ಅವರ ಸಹೋದ್ಯೋಗಿಗಳು 2004ರಲ್ಲಿ ಮತ್ತೂ ಮುಂದೆ ಹೋದರು. ಎಂಆರ್‌ಎಫ್-4 ಉಳಿದಿದ್ದಲ್ಲಿ ಮೈಯೊ-ಡಿ, ಮಿಫ್-5 ಎರಡೂ ಇಲ್ಲದ ಭ್ರೂಣದಲ್ಲಿಯೂ ಕೆಲಮಟ್ಟಿಗೆ ಪೇಶಿಯು ಹುಟ್ಟುವುದೆಂದು ಅವರು ತೋರಿಸಿದರು. ಜಾತಿಯನ್ನು ನಿರ್ಧರಿಸುವ ಜೀನುಗಳು ಎರಡಲ್ಲ, ಮೂರು ಎಂದಾಯಿತು.

ಅಭಾವವನ್ನು ಹೇಳುವವನು ಅದರ ಪ್ರತಿಯೋಗಿಯನ್ನು, ಎಂದರೆ ಯಾವುದರ ಅಭಾವವೆಂಬುದನ್ನು, ನಿರ್ದೇಶಿಸಬೇಕೆಂದು ನೈಯಾಯಿಕರು ನಿರ್ಬಂಧಿಸಿರುವರು. 1993ರ ಪರೀಕ್ಷೆಯಲ್ಲಿ ಪೇಶಿಯಿಲ್ಲದಿದ್ದುದು ಸತ್ಯವೇ. ಆದರೆ ಎರಡರ ಅಭಾವವೆಂದು ಗಣಿಸಲ್ಪಟ್ಟುದು ವಸ್ತುತಃ ಮೂರರ ಅಭಾವವಾಗಿದ್ದಿತು. ಕಣ್ಣಿಗೆ ಕಂಡ ಫಲದಲ್ಲಿ ತಪ್ಪಿರಲಿಲ್ಲ, ಪ್ರತಿಯೋಗಿಯ ಎಣಿಕೆಯಲ್ಲಿ ಇದ್ದಿತು. ಅದನ್ನು ತಿದ್ದುವುದಕ್ಕೆ ಹನ್ನೊಂದು ವರ್ಷಗಳು ಹಿಡಿದುವು.