ಬ್ಲೂಬೆರಿಯ ಬೀಜ, ಕವಳಿಯ ಬೇಲಿ

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಹಿತ್ತಲಲ್ಲಿ ಬ್ಲೂಬೆರಿಯನ್ನು ಬೀಜ ಹಾಕಿ ಬೆಳೆಯಬಹುದೇ? ಈ ಪ್ರಶ್ನೆಗೆ ತೋಟಗಾರಿಕೆಯ ಕೈಪಿಡಿಗಿಂತ ಈ ನೆಲದ ಇತಿಹಾಸವೇ ಸರಿಯಾದ ಉತ್ತರ ಕೊಡುತ್ತದೆ. ಯಾವ ಊರಿಗೆ ಯಾವ ಹಣ್ಣು ಎಂಬುದು ಬರೀ ಆಸೆಯಿಂದ ತೀರ್ಮಾನವಾದದ್ದಿಲ್ಲ. ಮಣ್ಣು, ನೀರು, ಬೀಜದ ಗುಣ ಮೂರೂ ಕೂಡಿಬಂದಾಗಲೇ ಪರದೇಶದ ಗಿಡ ಮನೆಯ ಗಿಡವಾಗಿದೆ. ಬ್ಲೂಬೆರಿಗೆ ಇಲ್ಲಿ ಈ ಮೂರೂ ಕೂಡಿಬರುವುದಿಲ್ಲ. ಹಾಗೆಂದು ಬ್ಲೂಬೆರಿಯ ಕತೆ ನಮಗೆ ನಿರುಪಯೋಗಿಯಲ್ಲ. ಅದು ತನ್ನ ತವರಿನಲ್ಲಿ ಕಾಡುಪೊದೆಯಿಂದ ತೋಟದ ಬೆಳೆಯಾದ ರೀತಿಯನ್ನು ನಮ್ಮ ಗುಡ್ಡದ ಕವಳಿಹಣ್ಣಿಗೆ ಅನ್ವಯಿಸಬಹುದು, ಅನ್ವಯಿಸಲೂಬೇಕು.

ಮೊದಲು ನೆಲದ ಮಾತು. ಈ ಭಾಗ ಸಹ್ಯಾದ್ರಿಯ ಮಳೆನೆರಳಿನಲ್ಲಿದೆ. ಗೋಕಾಕದ ಮರಳುಗಲ್ಲಿನ ಗುಡ್ಡಗಳ ಮೇಲೆ ತೆಳ್ಳನೆಯ ಮಡ್ಡಿ, ತಗ್ಗಿನಲ್ಲಿ ಸುಣ್ಣದ ಹರಳು ಬೆರೆತ ಎರೆ. 1897ರಲ್ಲಿ ಧುಪದಾಳದ ಒಡ್ಡಿನಿಂದ ಘಟಪ್ರಭೆಯ ನೀರು ಕಾಲುವೆಗೆ ಹರಿಯಿತು. 1970ರ ದಶಕದಲ್ಲಿ ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯ ಆ ನೀರಾವರಿಯನ್ನು ಹಲವು ಪಟ್ಟು ಹಿಗ್ಗಿಸಿತು. ಜೋಳ ನಿಂತಿದ್ದ ಹೊಲಕ್ಕೆ ಕಬ್ಬು ಬಂತು. ಕಬ್ಬಿನ ಜೊತೆ ಸಕ್ಕರೆ ಕಾರ್ಖಾನೆ ಬಂತು, ಬಸಿಗಾಲುವೆಯಿಲ್ಲದ ಎರೆಯಲ್ಲಿ ಸವಳು-ಜವಳೂ ಬಂತು. ನೀರಿನಿಂದ ಈ ಸೀಮೆ ಸಿರಿವಂತವಾದದ್ದು ನಿಜ. ಆದರೆ ಆ ನೀರು ಮಣ್ಣಿನ ಕ್ಷಾರವನ್ನು ಇಳಿಸಲಿಲ್ಲ, ಎಷ್ಟೋ ಕಡೆ ಏರಿಸಿತು. ಇಲ್ಲಿನ ಎರೆಯ ರಸಸಾರ ಸಾಮಾನ್ಯವಾಗಿ 8ರ ಆಸುಪಾಸು. ಬ್ಲೂಬೆರಿ ಕೇಳುವುದು 4.5ರಿಂದ 5.5. ರಸಸಾರದ ಅಳತೆಯಲ್ಲಿ ಒಂದೊಂದು ಅಂಕಿಗೆ ಹತ್ತು ಪಟ್ಟು ವ್ಯತ್ಯಾಸ. 5ಕ್ಕೂ 8ಕ್ಕೂ ನಡುವೆ ಸಾವಿರ ಪಟ್ಟು. ಒಂದು ಬುಟ್ಟಿ ಗೊಬ್ಬರದಿಂದ ದಾಟುವ ಅಂತರವಲ್ಲ ಇದು.

ಅಮೆರಿಕದವರಿಗೂ ಈ ಸಂಗತಿ ತಡವಾಗಿಯೇ ತಿಳಿಯಿತು. ಕಾಡಿನ ಪೊದೆಯನ್ನು ತಂದು ಒಳ್ಳೆಯ ತೋಟದ ಮಣ್ಣಿಗೆ ಹಚ್ಚಿದರೆ ಅದು ಸೊರಗುತ್ತಿತ್ತು. 1906ರಿಂದ ಪ್ರಯೋಗಕ್ಕೆ ತೊಡಗಿದ ಸಸ್ಯವಿಜ್ಞಾನಿ ಫ್ರೆಡರಿಕ್ ಕೋವಿಲ್, ಈ ಗಿಡಕ್ಕೆ ಹುಳಿಮಣ್ಣೇ ಬೇಕೆಂದು 1910ರ ವರದಿಯಲ್ಲಿ ತೋರಿಸಿಕೊಟ್ಟರು. ಅದನ್ನೋದಿದ ನ್ಯೂಜೆರ್ಸಿಯ ಎಲಿಜಬೆತ್ ವೈಟ್ ಮರುವರ್ಷ ಅವರಿಗೆ ಪತ್ರ ಬರೆದು, ತಮ್ಮ ಮನೆತನದ ಜಮೀನನ್ನೇ ಪ್ರಯೋಗಕ್ಕೆ ಕೊಟ್ಟರು. ಬೇರೆ ಬೆಳೆಗೆ ಬಾರದೆಂದು ಬಿಟ್ಟಿದ್ದ ಮರಳು ಜೌಗು ಅದು. ಸುತ್ತಲಿನ ಕಾಡಿನಲ್ಲಿ ಹಣ್ಣು ಕೀಳುವವರ ಕೈಗೆ ಆಕೆ ತೂತಿನ ಅಳತೆಪಟ್ಟಿ ಕೊಟ್ಟರು. ತೂತಿನ ಅಗಲ ಸುಮಾರು 16 ಮಿಲಿಮೀಟರ್. ಅದರಲ್ಲಿ ತೂರದಷ್ಟು ದಪ್ಪ ಹಣ್ಣಿನ ಪೊದೆ ತೋರಿಸಿದವರಿಗೆ ಹಣ, ಜೊತೆಗೆ ಆ ಗಿಡಕ್ಕೆ ಅವರದೇ ಹೆಸರು. ರೂಬ್ ಲೀಕ್ ಎಂಬಾತ ತೋರಿಸಿದ ಪೊದೆ ‘ರೂಬೆಲ್’ ಆಗಿ ಇಂದಿಗೂ ಕೃಷಿಯಲ್ಲಿದೆ. 1916ರಲ್ಲಿ ಮೊದಲ ಫಸಲು ಮಾರುಕಟ್ಟೆ ಕಂಡಿತು. ಇಲ್ಲಿ ಬೀಜದ ಪಾತ್ರ ಎಷ್ಟೆಂಬುದನ್ನು ಗಮನಿಸಬೇಕು. ಅಡ್ಡತಳಿ ಮಾಡಿ, ಬೀಜದಿಂದ ಸಾವಿರಾರು ಸಸಿ ಎಬ್ಬಿಸಿ, ಬೆರಳೆಣಿಕೆಯಷ್ಟನ್ನು ಉಳಿಸಿಕೊಳ್ಳುವ ತಳಿಗಾರನಿಗೆ ಬೀಜ ಬೇಕಾಗಿತ್ತು. ತೋಟಕ್ಕೆ ಹೋದದ್ದು ಟೊಂಗೆಯಿಂದ ಬೇರೊಡೆಸಿದ ಗಿಡ. ಬೀಜದ ಸಸಿ ತಾಯಿಯನ್ನು ಹೋಲುವ ಭರವಸೆಯಿಲ್ಲ, ಫಲ ಕಾಣಲು ಎರಡು ಮೂರು ವರ್ಷ ಕಾಯಬೇಕು. ಮೊಳೆಯುವ ಮೊದಲು ಹಲವು ಜಾತಿಗಳ ಬೀಜಕ್ಕೆ ಮೂರು ತಿಂಗಳ ಕೊರೆಯುವ ಚಳಿಯೂ ಬೇಕು.

ಇದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ. ಮೆಣಸಿನಕಾಯಿ, ಪೇರಲ, ಸೀತಾಫಲ ಎಲ್ಲವೂ ಅಮೆರಿಕ ಖಂಡದಿಂದಲೇ ಬಂದವು, ಬಂದದ್ದೂ ಬೀಜವಾಗಿಯೇ. ಅವು ಒಗ್ಗಿದಂತೆ ಇದೇಕೆ ಒಗ್ಗಬಾರದು? ಉತ್ತರ ಸಂಕೇಶ್ವರದಲ್ಲೇ ಇದೆ. ಪೋರ್ಚುಗೀಸರ ಹಡಗಿನಲ್ಲಿ ಬಂದ ಮೆಣಸಿನಕಾಯಿ ಹುಕ್ಕೇರಿ ತಾಲ್ಲೂಕಿನ ಈ ಊರಿನ ಹೆಸರಿನಲ್ಲಿ ‘ಸಂಕೇಶ್ವರಿ’ಯಾಗಿ ಕೊಲ್ಲಾಪುರದ ಪೇಟೆಯವರೆಗೂ ಹೆಸರು ಮಾಡಿತು. ಅದಕ್ಕೆ ಕಾರಣ, ಮೆಣಸಿನಗಿಡ ಬಹುಪಾಲು ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ, ಬೀಜ ತಾಯಿಯ ಗುಣವನ್ನು ಸಾಕಷ್ಟು ಉಳಿಸಿಕೊಳ್ಳುತ್ತದೆ. ವರ್ಷವರ್ಷವೂ ಒಳ್ಳೆಯ ಕಾಯಿ ಆರಿಸಿ ಬೀಜಕ್ಕೆ ಎತ್ತಿಡುವ ರೈತನ ಕೈಗೆ ಪ್ರತಿ ಹಂಗಾಮಿಗೂ ಆಯ್ಕೆಯ ಅವಕಾಶ ಸಿಗುತ್ತದೆ. ಸೀತಾಫಲವೋ, ಕಲ್ಲುಗುಡ್ಡದ ಮೇಲೆ ಯಾರ ಹಂಗೂ ಇಲ್ಲದೆ ತಾನೇ ಮೊಳೆತು ಬೆಳೆಯುತ್ತದೆ. ಪರದೇಶದ್ದೆಂಬುದು ಎಂದೂ ಅಡ್ಡಿಯಾಗಿಲ್ಲ, ನೆಲಕ್ಕೆ ಒಗ್ಗದಿರುವುದು ಮಾತ್ರ ಅಡ್ಡಿಯಾಗಿದೆ.

ಎರಡನೆಯ ಆಕ್ಷೇಪ ಕುಂಡದವರದು. ತೆಂಗಿನ ನಾರಿನ ಪುಡಿ, ಗಂಧಕ ಹಾಕಿ ಹುಳಿಮಣ್ಣನ್ನು ನಾವೇ ಮಾಡಿಕೊಳ್ಳಬಹುದಲ್ಲ? ಮಾಡಿಕೊಳ್ಳಬಹುದು. ಕಡಿಮೆ ಚಳಿ ಸಾಕೆನ್ನುವ ಫ್ಲಾರಿಡಾದ ತಳಿಗಳೂ ಇವೆ. ಆದರೆ ಅವು ಸಿಗುವುದು ಸಸಿಯಾಗಿ. ಅಂಗಡಿಯ ಹಣ್ಣು ಹಿಸುಕಿ ತೆಗೆದ ಬೀಜಕ್ಕೆ ಆ ಗುಣ ಪೂರ್ತಿ ಇಳಿದುಬರುವ ಖಾತ್ರಿಯಿಲ್ಲ. ಮೇಲಾಗಿ ಬೋರಿನ ಗಡಸುನೀರು ಹೊಯ್ದಂತೆಲ್ಲ ಕುಂಡದ ಮಣ್ಣು ಮತ್ತೆ ಕ್ಷಾರದತ್ತ ವಾಲುತ್ತದೆ. ಹವ್ಯಾಸಕ್ಕೆ ಒಂದೆರಡು ಕುಂಡ ಸರಿ, ಅದನ್ನು ಊರಿನ ಬೆಳೆಯೆನ್ನಲಾಗದು.

ಇನ್ನು ಕವಳಿ. ಜೋಡುಮುಳ್ಳಿನ ಈ ಪೊದೆ ಮಡ್ಡಿಯಲ್ಲಿ, ಹೊಲದ ಬದುವಿನಲ್ಲಿ ನೀರುಣಿಸದೆ ಬೆಳೆಯುತ್ತದೆ. ಕ್ಷಾರವನ್ನೂ ಬರವನ್ನೂ ತಡೆದುಕೊಳ್ಳುತ್ತದೆ. ಎಳೆಗಾಯಿ ಕಿತ್ತರೆ ತೊಟ್ಟಿನಿಂದ ಬಿಳಿ ಹಾಲು ಒಸರುತ್ತದೆ, ಅದು ಉಪ್ಪಿನಕಾಯಿಗೆ. ಮುಂಗಾರಿನ ಹೊತ್ತಿಗೆ ಮಾಗಿದರೆ ಬ್ಲೂಬೆರಿಯಷ್ಟೇ ಕಪ್ಪು-ನೇರಳೆ ಬಣ್ಣದ ಹಣ್ಣು. ಬದು ಒಡೆದು ಕಬ್ಬು ಹಚ್ಚಿದಲ್ಲಿ, ತಂತಿಬೇಲಿ ಹಾಕಿದಲ್ಲಿ ಇದು ಮೊದಲು ಕೊಡಲಿಗೆ ಸಿಕ್ಕಿತು. ಹುಳಿ, ಅಂಟು, ಕೊಳ್ಳುವವರಿಲ್ಲ ಎಂದು ಇದನ್ನು ತಳ್ಳಿಹಾಕುವವರಿದ್ದಾರೆ. ಎಲಿಜಬೆತ್ ವೈಟ್ ಅಳತೆಪಟ್ಟಿ ಹಂಚುವ ಮೊದಲು ಬ್ಲೂಬೆರಿಯೂ ಕಾಡಿನಿಂದ ಆರಿಸಿ ತರುವ ಹಣ್ಣೇ ಆಗಿತ್ತು. ಆಯ್ಕೆ ನಡೆದ ಮೇಲೆ ತೋಟ, ತೋಟದ ಹಿಂದೆ ದೊಡ್ಡ ಮಾರುಕಟ್ಟೆ. ಘಟ್ಟದಾಚೆಯ ದಾಪೋಲಿ ಕೃಷಿ ವಿಶ್ವವಿದ್ಯಾಲಯ ‘ಕೊಂಕಣ ಬೋಲ್ಡ್’ ಎಂಬ ದಪ್ಪಕಾಯಿಯ ಕವಳಿ ತಳಿಯನ್ನು ಈಗಾಗಲೇ ಕೊಟ್ಟಿದೆ. ಗೋಕಾಕ-ಮೂಡಲಗಿ ಸೀಮೆಯ ಅರಭಾವಿಯಲ್ಲಿ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕೆ ಮಹಾವಿದ್ಯಾಲಯವಿದೆ. ಗೋಕಾಕದ ಗುಡ್ಡಗಳಲ್ಲಿ, ಹುಕ್ಕೇರಿಯ ಮಡ್ಡಿಗಳಲ್ಲಿ ಉಳಿದಿರುವ ಕವಳಿಪೊದೆಗಳನ್ನು ಹುಡುಕಿ, ಅಳೆದು, ರುಚಿ ನೋಡಿ ಪಟ್ಟಿಮಾಡುವ ಕೆಲಸಕ್ಕೆ ಅದಕ್ಕಿಂತ ಹತ್ತಿರದ ಮನೆ ಬೇರೆಯಿಲ್ಲ.

ಬೀಜ ಬಿತ್ತಿಯೇ ಹಣ್ಣು ತಿನ್ನಬೇಕೆಂಬ ಹಟವಿದ್ದವರು ಕವಳಿಯಿಂದ ಶುರುಮಾಡಲಿ. ಮಾಗಿದ ಹಣ್ಣಿನ ಬೀಜ ತೊಳೆದು, ಒಣಗಲು ಬಿಡದೆ ಮಳೆಗಾಲದಲ್ಲೇ ಹಾಕಿ. ಮೂರು ನಾಲ್ಕು ವರ್ಷಕ್ಕೆ ಬೇಲಿಯೂ ಆಗುತ್ತದೆ, ಹಣ್ಣೂ ಬರುತ್ತದೆ. ಅದರಲ್ಲಿ ಒಂದು ಗಿಡದ ಹಣ್ಣು ಉಳಿದವಕ್ಕಿಂತ ದಪ್ಪ, ಸಿಹಿ ಎನಿಸಿದರೆ ಅದಕ್ಕೆ ಗೂಟಿ ಕಟ್ಟಿ, ನೆರೆಯವರಿಗೂ ಕೊಡಿ.