ನೀರುನಾಯಿ: ಕನ್ನಡನಾಡಿನ ನದಿಗಳಲ್ಲಿ ಅದರ ಜೀವನ ಮತ್ತು ರಕ್ಷಣೆಯ ಚರಿತ್ರೆ

ನೀರುನಾಯಿಯು ಹೆಸರಿನಿಂದ ಮಾತ್ರ ನಾಯಿ. ಪ್ರಾಣಿಶಾಸ್ತ್ರದ ವರ್ಗೀಕರಣದಲ್ಲಿ ಅದು ತರಕರಡಿಯೂ ಸೇರಿರುವ ಮಸ್ಟೆಲಿಡೀ ಕುಟುಂಬಕ್ಕೆ ಸೇರಿದ್ದು, ಹೊಳೆ, ಸರೋವರ, ಅಳಿವೆಗಳ ನೀರಿನಲ್ಲಿ ಬೇಟೆಯಾಡಿ, ದಡದ ಬಂಡೆಗಳ ಸಂದಿನಲ್ಲಿಯೂ ಮರದ ಬೇರುಗಳ ನಡುವಣ ಬಿಲಗಳಲ್ಲಿಯೂ ಮರಿಮಾಡುವ ಮಾಂಸಾಹಾರಿ ಸ್ತನಿ. ಭಾರತದಲ್ಲಿ ಇದರ ಮೂರು ಜಾತಿಗಳುಂಟು. ಅವುಗಳಲ್ಲಿ ನುಣುಪು ಮೈಯ ನೀರುನಾಯಿ ಕಾವೇರಿ, ಕಬಿನಿ, ಭದ್ರಾ, ತುಂಗಭದ್ರಾ ಮೊದಲಾದ ಕನ್ನಡನಾಡಿನ ದೊಡ್ಡ ನದಿಗಳಲ್ಲಿಯೂ, ಪುಟ್ಟ ಉಗುರಿನ ನೀರುನಾಯಿ ಪಶ್ಚಿಮಘಟ್ಟದ ತೊರೆಗಳಲ್ಲಿಯೂ ಕಂಡುಬರುತ್ತವೆ. ಮೂರನೆಯದಾದ ಯುರೇಷಿಯದ ನೀರುನಾಯಿ ದಕ್ಷಿಣದಲ್ಲಿ ಬಹು ಅಪೂರ್ವ. ನಮ್ಮ ಕಡಲಿನಲ್ಲಿ ಸೀಲ್ ವರ್ಗದ ಯಾವ ಪ್ರಾಣಿಯೂ ವಾಸಿಸುವುದಿಲ್ಲವಾದ್ದರಿಂದ, ದಟ್ಟವಾದ ತುಪ್ಪಳವನ್ನು ಹೊದ್ದು ನೀರಿಗಿಳಿಯುವ, ಆ ತುಪ್ಪಳದ ದೆಸೆಯಿಂದಲೇ ಮನುಷ್ಯನ ಬೇಟೆಗೆ ಈಡಾದ ಪ್ರಾಣಿಯೊಂದರ ಚರಿತ್ರೆಯನ್ನು ಇಲ್ಲಿಯ ನೆಲದಲ್ಲಿ ನಿಂತು ಬರೆಯುವುದಾದರೆ ಅದನ್ನು ನೀರುನಾಯಿಯ ಚರಿತ್ರೆಯಾಗಿಯೇ ಬರೆಯಬೇಕಾಗುತ್ತದೆ.

ತಿಮಿಂಗಿಲಕ್ಕೂ ಸೀಲ್‌ಗೂ ಚರ್ಮದ ಕೆಳಗೆ ದಪ್ಪವಾದ ಕೊಬ್ಬಿನ ಪದರವಿದ್ದು, ತಣ್ಣೀರಿನಲ್ಲಿ ಮೈಯ ಕಾವನ್ನು ಅದು ಕಾಯುತ್ತದೆ. ನೀರುನಾಯಿಗೆ ಆ ಸೌಕರ್ಯವಿಲ್ಲ. ಅದರ ರಕ್ಷಣೆಯೆಲ್ಲ ರೋಮದ್ದು. ಹೊರಗೆ ಉದ್ದವಾದ ಗಡುಸುಕೂದಲು, ಅದರ ಬುಡದಲ್ಲಿ ಅತಿ ಸೂಕ್ಷ್ಮವೂ ಒತ್ತೊತ್ತಾದುದೂ ಆದ ತುಪ್ಪಳ. ಈ ತುಪ್ಪಳದೊಳಗೆ ಸಿಕ್ಕಿಕೊಂಡ ಗಾಳಿಯು ನೀರನ್ನು ಚರ್ಮಕ್ಕೆ ತಾಗಗೊಡದೆ ತಡೆಯುತ್ತದೆ. ಆದರೆ ಈ ಹೊದಿಕೆಯು ಕೆಲಸಮಾಡಬೇಕಾದರೆ ಅದು ಮತ್ತೆಮತ್ತೆ ಒಣಗಬೇಕು, ಶುಚಿಯಾಗಿರಬೇಕು. ಬೇಟೆ ಮುಗಿಸಿ ದಡಕ್ಕೆ ಬಂದ ನೀರುನಾಯಿಗಳು ಮರಳದಿಣ್ಣೆಯ ಮೇಲೆ ಅಂಗಾತ ಬಿದ್ದು ಹೊರಳುವುದನ್ನೂ, ಜೊಂಡುಹುಲ್ಲಿಗೆ ಮೈಯುಜ್ಜುವುದನ್ನೂ, ಒಂದರ ಕತ್ತನ್ನು ಇನ್ನೊಂದು ಕಚ್ಚಿ ಕೆದಕಿ ಓರಣಗೊಳಿಸುವುದನ್ನೂ ಕಂಡವರು ಅದನ್ನು ಆಟವೆಂದು ಬಗೆಯುವುದುಂಟು. ಆಟವೂ ಅದರಲ್ಲಿ ಸೇರಿದೆ, ಆದರೆ ಮುಖ್ಯವಾಗಿ ಅದು ಬದುಕಿನ ಅಗತ್ಯ. ನದಿಯ ಮರಳು ಹೋದರೆ ನೀರುನಾಯಿಗೆ ಏನು ಹೋದಂತಾಯಿತೆಂಬುದನ್ನು ತಿಳಿಯಲು ಈ ಸಂಗತಿಯೊಂದೇ ಸಾಕು.

ನುಣುಪು ಮೈಯ ನೀರುನಾಯಿಯು ಏಳರಿಂದ ಹನ್ನೊಂದು ಕಿಲೋಗ್ರಾಂ ತೂಗುತ್ತದೆ. ಬೆರಳುಗಳ ನಡುವೆ ಪೊರೆ, ತುದಿಯತ್ತ ಚಪ್ಪಟೆಯಾಗುತ್ತ ಹೋಗುವ ಬಲವಾದ ಬಾಲ, ಮುಳುಗಿದಾಗ ಮುಚ್ಚಿಕೊಳ್ಳುವ ಮೂಗು ಕಿವಿಗಳು, ಕಲಕಿದ ನೀರಿನಲ್ಲಿ ಮೀನಿನ ಚಲನೆಯನ್ನು ಗ್ರಹಿಸಬಲ್ಲ ಗಡುಸು ಮೀಸೆ, ಇವೆಲ್ಲ ಅದರ ವೃತ್ತಿಗೆ ಒಪ್ಪುವ ಉಪಕರಣಗಳು. ಅದು ಒಂಟಿಯಾಗಿ ಬಾಳುವುದು ಕಡಿಮೆ. ತಂದೆ ತಾಯಿಗಳೂ ಹಲವು ಪ್ರಾಯದ ಮರಿಗಳೂ ಕೂಡಿದ ಸಂಸಾರವೊಂದು ನದಿಯ ಒಂದು ಭಾಗವನ್ನು ತನ್ನದಾಗಿ ಮಾಡಿಕೊಂಡು, ಸಾಲುಗಟ್ಟಿ ಈಜುತ್ತ, ಮೀನಿನ ಹಿಂಡನ್ನು ಆಳವಿಲ್ಲದ ನೀರಿನತ್ತ ಅಟ್ಟಿಕೊಂಡು ಹೋಗಿ ಹಿಡಿಯುತ್ತದೆ. ಹಿಡಿದ ಮೀನನ್ನು ಮುಂಗಾಲುಗಳ ನಡುವೆ ಅದುಮಿ, ಕತ್ತನ್ನೆತ್ತಿ, ಗಟ್ಟಿಯಾದ ದವಡೆಹಲ್ಲುಗಳಿಂದ ಕಟಕಟನೆ ಅಗಿಯುವ ಸದ್ದು ನಿಶ್ಶಬ್ದವಾದ ಮಡುವಿನಲ್ಲಿ ದೂರಕ್ಕೂ ಕೇಳುತ್ತದೆ. ಗರ್ಭಾವಧಿ ಸುಮಾರು ಎರಡು ತಿಂಗಳು. ಒಂದು ಸೂಲಿಗೆ ಐದು ಮರಿಗಳವರೆಗೆ. ಕಣ್ಣು ಮುಚ್ಚಿಯೇ ಹುಟ್ಟುವ ಮರಿಗೆ ಈಜು ತಾನಾಗಿ ಬರುವುದಿಲ್ಲ, ತಾಯಿ ಕಲಿಸಬೇಕು. ಮಳೆಗಾಲದ ನೆರೆ ಇಳಿದು ನೀರು ತಿಳಿಯಾಗುವ ಕಾಲದಲ್ಲಿಯೇ ನಮ್ಮ ನದಿಗಳಲ್ಲಿ ಮರಿಗಳು ಹೆಚ್ಚಾಗಿ ಕಾಣುವುದು ಸಹಜವೇ ಆಗಿದೆ. ಪ್ರಾಣಿಯನ್ನು ಕಣ್ಣಾರೆ ಕಾಣದವನಿಗೂ ಅದರ ಇರವನ್ನು ಸಾರುವ ಗುರುತೊಂದುಂಟು: ನೀರಂಚಿನ ಚಪ್ಪಟೆ ಬಂಡೆಯ ಮೇಲೆ, ಸಂಸಾರವೆಲ್ಲ ಒಂದೇ ಎಡೆಯಲ್ಲಿ ಹಾಕಿದ, ಮೀನಿನ ಹುರುಪೆ ಮುಳ್ಳುಗಳಿಂದ ತುಂಬಿ ಬಿಸಿಲಿಗೆ ಬೆಳ್ಳಗಾದ, ಕಟುವಾಸನೆಯ ಹಿಕ್ಕೆ. ಈ ಬಗೆಯ ಬಂಡೆಗಳು ಆ ಸಂಸಾರದ ಗಡಿಗಲ್ಲುಗಳೂ ಹೌದು.

ಪುಟ್ಟ ಉಗುರಿನ ನೀರುನಾಯಿ ಜಗತ್ತಿನ ನೀರುನಾಯಿಗಳಲ್ಲೆಲ್ಲ ಅತ್ಯಂತ ಚಿಕ್ಕದು. ಕೊಡಗು ಮೊದಲಾದ ಮಲೆಸೀಮೆಯ ತೊರೆಗಳಲ್ಲಿ, ಕಾಫಿ ಏಲಕ್ಕಿ ತೋಟಗಳ ನಡುವೆ ಹರಿಯುವ ಹಳ್ಳಗಳಲ್ಲಿ ಸಹ, ರಾತ್ರಿಯ ಹೊತ್ತು ಕಲ್ಲುಗಳ ಅಡಿಗೆ ಮುಂಗೈಯನ್ನು ತೂರಿಸಿ ತಡಕಾಡಿ ಏಡಿಯನ್ನು ಹೊರಗೆಳೆದು ತಿನ್ನುವುದು ಅದರ ಕ್ರಮ. ಹಿಮಾಲಯದ ತಪ್ಪಲಲ್ಲಿಯೂ ಈಶಾನ್ಯದಲ್ಲಿಯೂ ಇರುವ ಈ ಜಾತಿ, ನಡುವಣ ವಿಶಾಲವಾದ ಒಣನಾಡನ್ನು ಬಿಟ್ಟು ಮತ್ತೆ ಪಶ್ಚಿಮಘಟ್ಟದಲ್ಲಿ ಕಾಣಿಸಿಕೊಳ್ಳುವುದು ವಿಚಾರಶೀಲರಿಗೆ ಒಂದು ಒಗಟು. ಬೆಟ್ಟದೊರೆಯ ಮೀನುಗಳಲ್ಲಿ ಇದೇ ಬಗೆಯ ಒಡೆದ ಹರಹನ್ನು ಕಂಡ ಸುಂದರಲಾಲ್ ಹೋರಾ ಅವರು 1940ರ ದಶಕದಲ್ಲಿ ಸಾತ್ಪುರ ಶ್ರೇಣಿಯು ಹಿಂದೊಮ್ಮೆ ಜೀವಿಗಳ ಹಾದಿಯಾಗಿದ್ದಿತೆಂದು ಪ್ರತಿಪಾದಿಸಿದ್ದರು. ಆ ವಾದದ ಮೇಲೆ ಬಹಳ ಚರ್ಚೆ ನಡೆದಿದೆ. ಇಲ್ಲಿ ಅದು ಬೇಡ.

ನೀರುನಾಯಿಯ ಪರಿಚಯ ಭಾರತೀಯರಿಗೆ ಹಳೆಯದು. ಬೌದ್ಧರ ಶಶಜಾತಕದಲ್ಲಿ ಮೊಲದ ಮೂವರು ಗೆಳೆಯರಲ್ಲಿ ನೀರುನಾಯಿಯೂ ಒಬ್ಬ; ಮೀನುಗಾರನು ಮರಳಿನಲ್ಲಿ ಹೂತಿಟ್ಟು ಹೋದ ಏಳು ಕೆಂಪು ಮೀನುಗಳನ್ನು ಅದು ವಾಸನೆಯಿಂದ ಪತ್ತೆಹಚ್ಚಿ, ಒಡೆಯನಿದ್ದರೆ ಬರಲೆಂದು ಮೂರು ಸಲ ಕೂಗಿ, ಯಾರೂ ಓಗೊಡದಿರಲು ಒಯ್ಯುತ್ತದೆ. ಮೀನುಗಾರನಿಗೂ ನೀರುನಾಯಿಗೂ ಇರುವ ಸಂಬಂಧವನ್ನು ಕಥೆಗಾರನು ಚೆನ್ನಾಗಿ ಬಲ್ಲವನಾಗಿದ್ದನೆಂದೇ ಹೇಳಬೇಕು. ವಂಗದೇಶದ ಮೀನುಗಾರರು ಅದನ್ನು ಪಳಗಿಸಿ ಮೀನುಗಳನ್ನು ಬಲೆಗೆ ಅಟ್ಟಲು ಬಳಸುತ್ತಿದ್ದರು. ಆ ಪದ್ಧತಿಯ ಅವಶೇಷ ಬಾಂಗ್ಲಾದೇಶದಲ್ಲಿ ಇತ್ತೀಚಿನವರೆಗೂ ಉಳಿದುಬಂದಿತು. ಇನ್ನು ದಕ್ಷಿಣದ ಪಶ್ಚಿಮ ಕರಾವಳಿಗೆ ಬಂದರೆ, 1867ರಲ್ಲಿ ಭಾರತದ ಸ್ತನಿಗಳ ಕುರಿತ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದ ವೈದ್ಯ ಟಿ. ಸಿ. ಜೆರ್ಡನ್ ತಾನು ತಲಶ್ಶೇರಿಯಲ್ಲಿ ಸಾಕಿದ್ದ ನೀರುನಾಯಿಯ ವೃತ್ತಾಂತವನ್ನು ಬರೆದಿಟ್ಟಿದ್ದಾನೆ. ಮರಿಯಾಗಿದ್ದಾಗ ಅವನ ಹಿಂದೆಯೇ ತಿರುಗಾಡುತ್ತಿದ್ದ ಆ ಪ್ರಾಣಿ ಬೆಳೆದ ಮೇಲೆ ಒಂಟಿಯಾಗಿ ಪೇಟೆಗೆ ಹೋಗಿ, ಮಾಪಿಳ್ಳೆ ವರ್ತಕನೊಬ್ಬನ ದೊಡ್ಡ ಮೀನನ್ನು ಅವನ ಕಣ್ಣೆದುರಿಗೇ ಕಸಿದುಕೊಂಡು, ತಡೆದವನ ಮೇಲೆ ತಿರುಗಿಬಿದ್ದಿತು. ಇದು ಅಭ್ಯಾಸವಾಗಿ, ಅದರ ಊಟದ ಬೆಲೆಯನ್ನು ತೆತ್ತು ತೆತ್ತು ಬೇಸತ್ತ ಜೆರ್ಡನ್ ಅದನ್ನು ಪೆಟ್ಟಿಗೆಯಲ್ಲಿಟ್ಟು, ದೋಣಿಯಲ್ಲಿ ಏಳೆಂಟು ಮೈಲಿ ಹಿನ್ನೀರಿನೊಳಗೆ ಒಯ್ದು, ಗದ್ದೆಬಯಲಿನಲ್ಲಿ ಬಿಟ್ಟು, ಬೇರೆ ದಾರಿಯಿಂದ ಹಿಂದಿರುಗಿದನು. ಅದೇ ರಾತ್ರಿ ಅವನು ಮೊಹರಂ ಉತ್ಸವವನ್ನು ನೋಡುತ್ತ ಕುಳಿತಿದ್ದ ಚಪ್ಪರಕ್ಕೆ ನೀರುನಾಯಿ ನಡೆದುಬಂದು ಅವನ ಕಾಲಬುಡದಲ್ಲಿ ಮಲಗಿತು. ಮೊಹರಂ ಜನಸಂದಣಿಯ ನಡುವೆ ತನ್ನ ಒಡೆಯನನ್ನು ಹುಡುಕಿ ತೆಗೆದ ಪ್ರಾಣಿಯ ಬುದ್ಧಿಯ ಬಗೆಗೆ ಪ್ರಯೋಗಶಾಲೆಯ ಬೇರೆ ಪ್ರಮಾಣ ಏಕೆ ಬೇಕು?

ತುಪ್ಪಳದ ವಾಣಿಜ್ಯವು ಈ ಚರಿತ್ರೆಯ ಕರಾಳವಾದ ಭಾಗ. ಅದರ ಸ್ವರೂಪವನ್ನು ತಿಳಿಯಲು ಉತ್ತರ ಶಾಂತಸಾಗರದತ್ತ ಒಮ್ಮೆ ನೋಡಬೇಕಾಗುತ್ತದೆ. ನಾವಿಕ ಬೇರಿಂಗನ 1741ರ ನೌಕಾಯಾತ್ರೆಯಿಂದ ಬದುಕಿ ಹಿಂದಿರುಗಿದವರು ತಂದ ಕಡಲ ನೀರುನಾಯಿಯ ತೊಗಲುಗಳು ರಷ್ಯದ ಬೇಟೆಗಾರರಿಗೆ ಆಸೆಯನ್ನು ಹುಟ್ಟಿಸಿದವು. 1786ರಲ್ಲಿ ಪ್ರಿಬಿಲಾಫ್ ದ್ವೀಪಗಳು ಪತ್ತೆಯಾದ ಮೇಲೆ ಅಲ್ಲಿ ಲಕ್ಷಲಕ್ಷವಾಗಿ ಮರಿಮಾಡುತ್ತಿದ್ದ ತುಪ್ಪಳದ ಸೀಲ್‌ಗಳೂ ಅದೇ ಆಸೆಗೆ ಬಲಿಯಾದವು. ದಡದಲ್ಲಿ ಕೊಲ್ಲುವುದು ಸಾಲದೆ ಕಡಲಿನ ನಡುವೆಯೇ ಗುಂಡು ಹೊಡೆಯುವ ಪದ್ಧತಿ ಬಂದಿತು. ಗುಂಡು ತಗುಲಿದ ಪ್ರಾಣಿಗಳಲ್ಲಿ ಅನೇಕವು ಮುಳುಗಿ ಯಾರಿಗೂ ಸಿಕ್ಕುತ್ತಿರಲಿಲ್ಲ. ಮೇವಿಗೆ ಹೊರಟಿದ್ದ ತಾಯಂದಿರು ಸತ್ತರೆ ದಡದಲ್ಲಿ ಉಳಿದ ಮರಿಗಳು ಹಸಿವಿನಿಂದ ಸಾಯುತ್ತಿದ್ದವು. ಕೊನೆಗೆ 1911ರ ಜುಲೈ 7ರಂದು ಅಮೆರಿಕ, ಬ್ರಿಟನ್, ಜಪಾನ್, ರಷ್ಯ ದೇಶಗಳು ಒಪ್ಪಂದವೊಂದಕ್ಕೆ ಸಹಿಹಾಕಿ ನಡುಗಡಲಿನ ಬೇಟೆಯನ್ನು ನಿಷೇಧಿಸಿದವು. ಕಡಲ ನೀರುನಾಯಿಗೂ ಅದೇ ಒಪ್ಪಂದದಲ್ಲಿ ಆಶ್ರಯ ದೊರೆಯಿತು. ದಕ್ಷಿಣ ಅಟ್ಲಾಂಟಿಕ್ ಸಾಗರದ ಸೌತ್ ಜಾರ್ಜಿಯದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಹೆಚ್ಚುಕಡಿಮೆ ನಿರ್ನಾಮವಾಗಿದ್ದ ಸೀಲ್‌ಗಳು ಇಪ್ಪತ್ತನೆಯ ಶತಮಾನದಲ್ಲಿ ಮತ್ತೆ ಲಕ್ಷಾಂತರವಾಗಿ ಬೆಳೆದವು. ಇದಕ್ಕೆ ಕಾರಣ ಕೇವಲ ಬೇಟೆ ನಿಂತದ್ದಲ್ಲ. ಬೇಟೆ ನಿಂತ ದಿನ ಅವುಗಳ ಕಡಲು ಇನ್ನೂ ಕಡಲಾಗಿಯೇ ಉಳಿದಿತ್ತು. ಮೇವು ಕಡಿಮೆಯಾದ ಕಡೆಗಳಲ್ಲಿ ಅವು ಮತ್ತೆ ಇಳಿಮುಖವಾಗಿರುವುದೂ ಈ ಮಾತನ್ನೇ ಪುಷ್ಟೀಕರಿಸುತ್ತದೆ.

ಭಾರತದ ನೀರುನಾಯಿಯ ತೊಗಲು ಹುಲಿ ಚಿರತೆಗಳ ಚರ್ಮದೊಡನೆ ಕಳ್ಳಹಾದಿಗಳಲ್ಲಿ ನೇಪಾಳವನ್ನು ದಾಟಿ ಟಿಬೆಟ್ಟಿಗೂ ಚೀನಕ್ಕೂ ಹೋಗುತ್ತಿದ್ದಿತು. ಟಿಬೆಟನ್ನರ ಉಡುಪಾದ ಚುಬಾದ ಅಂಚಿಗೆ ನೀರುನಾಯಿಯ ತುಪ್ಪಳವನ್ನು ಹೊಲಿಯುವುದು ಐಶ್ವರ್ಯದ ಲಕ್ಷಣವೆನಿಸಿತ್ತು. ನಮ್ಮ ಬೈಲುಕುಪ್ಪೆ, ಮುಂಡಗೋಡುಗಳಲ್ಲಿ ನೆಲೆಸಿರುವ ಸಮುದಾಯದ ಪರಮಗುರುಗಳಾದ ದಲೈ ಲಾಮಾ ಅವರು 2006ರ ಜನವರಿಯಲ್ಲಿ ಆಂಧ್ರದ ಅಮರಾವತಿಯಲ್ಲಿ ನಡೆದ ಕಾಲಚಕ್ರ ಸಮಾರಂಭದಲ್ಲಿ ಕಾಡುಪ್ರಾಣಿಗಳ ಚರ್ಮವನ್ನು ತೊಡಬಾರದೆಂದು ಕರೆಯಿತ್ತರು. ಟಿಬೆಟ್ಟಿನ ಹಲವೆಡೆ ಜನರು ತಮ್ಮ ಬೆಲೆಬಾಳುವ ತುಪ್ಪಳದ ಉಡುಪುಗಳನ್ನು ರಾಶಿಹಾಕಿ ಸುಟ್ಟರು. ಕಾನೂನು ವರ್ಷಾಂತರದಲ್ಲಿ ಸಾಧಿಸಲಾರದುದನ್ನು ಗುರುವಾಕ್ಯವು ವಾರಗಳಲ್ಲಿ ಸಾಧಿಸಿದ್ದಕ್ಕೆ ಇದೊಂದು ನಿದರ್ಶನ. ಕಾನೂನಿನ ಕಡೆಯಿಂದಲೂ ಕೊರತೆಯಿಲ್ಲ: 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮವು ನೀರುನಾಯಿಯ ಬೇಟೆಯನ್ನು ನಿಷೇಧಿಸಿದೆ, 2019ರಲ್ಲಿ ಜಿನೀವದಲ್ಲಿ ಸೇರಿದ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಸಭೆಯು, ಭಾರತವೇ ಮೊದಲಾದ ದೇಶಗಳ ಸೂಚನೆಯ ಮೇರೆಗೆ, ನುಣುಪು ಮೈಯದನ್ನೂ ಪುಟ್ಟ ಉಗುರಿನದನ್ನೂ ಮೊದಲ ಅನುಬಂಧಕ್ಕೆ ಏರಿಸಿ ವಾಣಿಜ್ಯವನ್ನು ಪೂರ್ತಿಯಾಗಿ ಮುಚ್ಚಿತು. ಸಾಕುಪ್ರಾಣಿಯಾಗಿ ಮರಿಗಳನ್ನು ಮಾರುವ ಹೊಸ ಶೋಕಿ ಆ ವೇಳೆಗೆ ಪೂರ್ವ ಏಷ್ಯದಲ್ಲಿ ಹಬ್ಬಿದ್ದುದೂ ಇದಕ್ಕೆ ಕಾರಣ.

ಆದರೆ ಕನ್ನಡನಾಡಿನ ನೀರುನಾಯಿಗೆ ಇಂದಿನ ದೊಡ್ಡ ಅಪಾಯ ತುಪ್ಪಳದ ವರ್ತಕನಿಂದ ಬರುವುದಲ್ಲ, ನದಿಯಿಂದಲೇ ಬರುವುದು. ಹರಿಗೋಲಿನಲ್ಲಿ ಹೋಗಿ ಸಂಜೆ ಬಲೆ ಬಿಟ್ಟು ಬೆಳಗ್ಗೆ ಎತ್ತುವ ಬಡ ಮೀನುಗಾರನು, ಬಲೆ ಹರಿದು ಅರ್ಧ ತಿಂದ ಮೀನುಗಳು ಮಾತ್ರ ಉಳಿದಿರುವುದನ್ನು ಕಂಡಾಗ, ನೀರುನಾಯಿಯನ್ನು ಹರಸುವನೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಸಿಡಿಮದ್ದಿನಿಂದ ಮೀನು ಹಿಡಿಯುವವರ ಮಾತು ಬೇರೆ. ಅವರು ಒಂದು ಸ್ಫೋಟದಲ್ಲಿ ಮಡುವಿನ ಮರಿಮೀನನ್ನೂ ಉಳಿಸದೆ, ಮೀನುಗಾರನ ನಾಳೆಯ ಅನ್ನವನ್ನೂ ನೀರುನಾಯಿಯ ಅನ್ನವನ್ನೂ ಒಟ್ಟಿಗೆ ಕಸಿಯುತ್ತಾರೆ. ಇವರಿಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಸಂರಕ್ಷಣೆಯು ನದಿಯ ದಡದಲ್ಲಿ ಗೆಳೆಯರನ್ನು ಗಳಿಸಲಾರದು.

ರಕ್ಷಣೆಯ ಕಾರ್ಯದಲ್ಲಿ ಕರ್ನಾಟಕವು ಮುಂದಾಗಿ ನಡೆದ ಸಂದರ್ಭವೊಂದುಂಟು. 2015ರಲ್ಲಿ ರಾಜ್ಯಸರ್ಕಾರವು ತುಂಗಭದ್ರೆಯ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹರಿವನ್ನು ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ನೀರುನಾಯಿಯ ಹೆಸರಿನಲ್ಲಿಯೇ ಮೀಸಲಾದ ಇಂಥ ಪ್ರದೇಶ ಭಾರತದಲ್ಲಿ ಅದೇ ಮೊದಲನೆಯದು. 1953ರಲ್ಲಿ ಮುಗಿದ ಅಣೆಕಟ್ಟಿನ ಕೆಳಗೆ, ಹಂಪೆಯ ಹೆಬ್ಬಂಡೆಗಳ ನಡುವೆ ನದಿಯು ಕವಲೊಡೆದು, ಅಲ್ಲಲ್ಲಿ ನಡುಗಡ್ಡೆಗಳನ್ನೂ ಆಳವಾದ ಮಡುಗಳನ್ನೂ ರಚಿಸಿಕೊಂಡು ಸಾಗುವ ಈ ಭಾಗ ನೀರುನಾಯಿಗೆ ಹೇಳಿ ಮಾಡಿಸಿದಂತಿದೆ. ಬಂಡೆಯ ಸಂದುಗಳು ಬಿಲಕ್ಕೆ, ಮಡು ಮೀನಿಗೆ, ನಡುಗಡ್ಡೆಯ ಜೊಂಡು ಮರೆಗೆ. ಸಂರಕ್ಷಣಾ ಮೀಸಲು ಎಂಬ ವರ್ಗವನ್ನು ಕಾನೂನಿಗೆ ತಂದದ್ದು 2002ರ ತಿದ್ದುಪಡಿ. ಅಭಯಾರಣ್ಯದಲ್ಲಿರುವಂತೆ ಜನರ ಹಕ್ಕುಗಳನ್ನು ಕಳಚಿಹಾಕದೆ, ಅವರನ್ನು ಸಮಿತಿಯೊಳಗೆ ಸೇರಿಸಿಕೊಂಡು ನಡೆಯಬೇಕೆಂಬುದು ಅದರ ಆಶಯ. ಬೇಸಗೆಯಲ್ಲಿ ಅಣೆಕಟ್ಟಿನಿಂದ ಎಷ್ಟು ನೀರು ಬಿಡಬೇಕೆಂಬ ನಿರ್ಣಯ ಮಾತ್ರ ಆ ಸಮಿತಿಯ ಕೈಯಲ್ಲಿಲ್ಲ, ಮತ್ತು ನೀರಿಲ್ಲದ ನದಿಯನ್ನು ಮೀಸಲಿಡುವುದರಿಂದ ಆಗುವ ಪ್ರಯೋಜನವು ಅಲ್ಪ.

ಕಾವೇರಿಯಲ್ಲಿ ನೀರುನಾಯಿಯ ಕಾಪಿಗೆ ಪ್ರತ್ಯೇಕ ಮೀಸಲಿಲ್ಲದಿದ್ದರೂ ಬೇರೆ ಪ್ರಾಣಿಗಳ ನೆಪದಲ್ಲಿ ದೊರೆತ ಆಶ್ರಯಗಳಿವೆ. ಸಲೀಂ ಅಲಿಯವರ ಸಲಹೆಯಿಂದ 1940ರಲ್ಲಿ ಸ್ಥಾಪಿತವಾದ ರಂಗನತಿಟ್ಟಿನಲ್ಲಿ ಹಕ್ಕಿಗಳನ್ನು ನೋಡಲು ಹೋದವರಿಗೆ ಮೊಸಳೆಗಳ ನೆರೆಯಲ್ಲಿಯೇ ನೀರುನಾಯಿಯ ದರ್ಶನವಾಗುವುದುಂಟು; 1987ರ ಕಾವೇರಿ ವನ್ಯಜೀವಿಧಾಮದಲ್ಲಿ, ಹೊಳೆಮತ್ತಿಯ ಮರಗಳು ನೀರಿನ ಮೇಲೆ ಬಾಗಿರುವ ದಡಗಳಲ್ಲಿ, ಅದರ ಸಂಸಾರಗಳು ಇಂದಿಗೂ ನೆಲೆಸಿವೆ.

ಬೆಂಗಳೂರಿನ ಅಂಚಿನ ನಿವಾಸಿಗೆ ಇದೆಲ್ಲ ದೂರದ ಸುದ್ದಿಯೆಂದು ತೋರಬಹುದು. ಆನೇಕಲ್ ತಾಲ್ಲೂಕಿನ ಸರ್ಜಾಪುರದ ಸುತ್ತಣ ಕೆರೆಗಳ ನೀರು ದಕ್ಷಿಣ ಪಿನಾಕಿನಿಯ ಕಡೆಗೆ ಇಳಿಯತಕ್ಕದ್ದು, ಅಲ್ಲಿ ನೀರುನಾಯಿಯಿಲ್ಲ. ಆದರೂ ಸರ್ಜಾಪುರ ರಸ್ತೆಯ, ವೈಟ್‌ಫೀಲ್ಡಿನ ಬಹುಮಹಡಿಗಳು ಮೇಲೆದ್ದ ದಶಕಗಳು ನಾಡಿನ ನದಿಗಳ ಮರಳು ಲಾರಿ ಲಾರಿಯಾಗಿ ನಗರಗಳತ್ತ ಸಾಗಿದ ದಶಕಗಳೇ ಆಗಿದ್ದವು. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಕಾವೇರಿ ಐದನೆಯ ಹಂತದ ಯೋಜನೆಯು ನಗರದ ಹೊರವಲಯದ ಹಳ್ಳಿಗಳಿಗೆ ಒಯ್ಯುವ ನೀರು ತೊರೆಕಾಡನಹಳ್ಳಿಯಿಂದ ಮೇಲೇರುತ್ತದೆ, ಎಂದರೆ ವನ್ಯಜೀವಿಧಾಮವನ್ನು ಮುಟ್ಟುವ ಮೊದಲೇ ಹೊಳೆಯಿಂದ ತೆಗೆದದ್ದು. ಕುಡಿದು ಬಳಸಿ ಚೆಲ್ಲಿದ ನೀರಿನ ಒಂದು ಪಾಲು, ಪೀಣ್ಯದ ಕಾರ್ಖಾನೆಗಳ ಕಲ್ಮಷವನ್ನೂ ಕೂಡಿಕೊಂಡು, ವೃಷಭಾವತಿಯಾಗಿ ಹರಿದು, ಬೈರಮಂಗಲದ ಕೆರೆಯನ್ನು ಹಾದು, ಅರ್ಕಾವತಿಯನ್ನು ಕೂಡಿ, ಕನಕಪುರದಾಚೆ ಸಂಗಮದಲ್ಲಿ, ನೀರುನಾಯಿಯ ಮನೆಯೊಳಗೇ, ಕಾವೇರಿಗೆ ಸೇರುತ್ತದೆ. ತುಪ್ಪಳದ ಶುಚಿಯಿಂದಲೇ ಬದುಕುವ ಪ್ರಾಣಿಗೆ ನಗರವು ಕಳುಹಿಸುವ ಪ್ರತಿಫಲ ಇದು. ಸಿಂಗಪುರದಲ್ಲಿ 1977ರಿಂದ ಹತ್ತು ವರ್ಷ ನದಿಗಳನ್ನು ಶುದ್ಧಮಾಡಿದ ಮೇಲೆ, 1990ರ ದಶಕದ ಕೊನೆಗೆ ಇದೇ ನುಣುಪು ಮೈಯ ನೀರುನಾಯಿ ತಾನಾಗಿ ಮರಳಿಬಂದು, ಈಗ ನಗರಮಧ್ಯದ ಕಾಲುವೆಗಳಲ್ಲಿ ಮರಿಮಾಡುತ್ತಿದೆ. ಸರ್ಜಾಪುರದ ಕೆರೆಗೆ ನೀರುನಾಯಿಯನ್ನು ತರಬೇಕೆಂದು ಯಾರೂ ಕೇಳುತ್ತಿಲ್ಲ. ಸಂಗಮದಲ್ಲಿರುವುದು ಉಳಿಯಬೇಕಾದರೆ ಮೊದಲು ಕೈಹಾಕಬೇಕಾದ ಕೆಲಸ ವೃಷಭಾವತಿಯದು.