ವನವಾಸದ ರಾಜಕುಮಾರ ಮತ್ತು ಟಿಬೆಟನ್ ನಿರಾಶ್ರಿತರು

ಹುಣಸೂರು ತಾಲ್ಲೂಕಿನ ಹನಗೋಡು ಸೀಮೆಯ ಆಸುಪಾಸಿನಲ್ಲಿ ಟಿಬೆಟನ್ನರ ನೆಲೆಗಳು ಮೂಡಿದ್ದು 1959ರ ನಂತರ. ಆ ವರ್ಷದ ಮಾರ್ಚ್‌ನಲ್ಲಿ ದಲೈ ಲಾಮಾ ಲಾಸಾ ತೊರೆದು ಭಾರತಕ್ಕೆ ಬಂದರು. ಸಾವಿರಾರು ಜನ ಹಿಮಾಲಯ ದಾಟಿ ಹಿಂಬಾಲಿಸಿದರು. ಅಂದಿನ ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಜಮೀನು ಕೊಟ್ಟಿತು. 1960ರ ದಶಕದ ಆರಂಭದಲ್ಲಿ ಅಲ್ಲಿ ಮೊದಲ ನೆಲೆ ನಿಂತಿತು. 1970ರ ದಶಕದಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಲ್ಲೂ ಜನ ನೆಲೆಗೊಂಡರು.

ಈ ಜನ ಹೊತ್ತು ತಂದ ಸಂಪತ್ತಿನಲ್ಲಿ ‘ಲ್ಹಾಮೊ’ ಎಂಬ ಬಯಲು ನಾಟಕವೂ ಒಂದು. ಮುಖವಾಡ, ಡೋಲು, ತಾಳಗಳ ಈ ಕಲೆಯ ಮೂಲಪುರುಷ, 15ನೇ ಶತಮಾನದಲ್ಲಿ ಕಬ್ಬಿಣದ ಸೇತುವೆಗಳನ್ನು ಕಟ್ಟಿಸಿದ ಯೋಗಿ ಥಂಗ್‌ಟಾಂಗ್ ಗ್ಯಾಲ್ಪೊ ಎಂಬುದು ಪರಂಪರೆಯ ನಂಬಿಕೆ. ಇದರ ಹೆಸರಾಂತ ಪ್ರಸಂಗ ಡ್ರಿಮೆ ಕುಂದೆನ್. ರಾಜ್ಯದ ರತ್ನವನ್ನೇ ದಾನಮಾಡಿದ ರಾಜಕುಮಾರ ಹೆಂಡತಿ ಮಕ್ಕಳೊಡನೆ ಕಾಡುಪಾಲಾಗುತ್ತಾನೆ. ಮಕ್ಕಳನ್ನೂ ಕಣ್ಣುಗಳನ್ನೂ ಕೊಟ್ಟುಬಿಡುತ್ತಾನೆ. ಕೊನೆಗೆ ಎಲ್ಲವೂ ಮರಳಿ ದೊರೆಯುತ್ತದೆ. ಬೌದ್ಧರ ವೆಸ್ಸಂತರ ಜಾತಕಕ್ಕೆ ಇದು ಹತ್ತಿರದ ಕಥೆ. ರಾಘವಾಂಕನ ಹರಿಶ್ಚಂದ್ರನನ್ನು ಬಲ್ಲ ಕನ್ನಡಿಗರಿಗೂ ಅಪರಿಚಿತವಲ್ಲ.

ನಿರಾಶ್ರಿತರ ಬದುಕಿಗೂ ಈ ಕಥೆಗೂ ಹೋಲಿಕೆಯಿದೆ. ತಣ್ಣನೆಯ ಪ್ರಸ್ಥಭೂಮಿಯಿಂದ ಬಂದವರು ಇಲ್ಲಿನ ಸೆಕೆ, ರೋಗ, ಆನೆ ಹಾವಳಿಗಳ ನಡುವೆ ಕಾಡು ಕಡಿದು ಮುಸುಕಿನ ಜೋಳ ಬೆಳೆದರು. ಬೈಲಕುಪ್ಪೆಯಲ್ಲಿ ಸೆರಾ, ನಮ್ಡ್ರೋಲಿಂಗ್, ಗುರುಪುರದಲ್ಲಿ ಗ್ಯುಮೆ ಮಠಗಳು ಎದ್ದವು. ರಾಜಕುಮಾರನಂತೆ ತವರಿಗೆ ಮರಳುವುದು ಮಾತ್ರ ಅವರಿಗೆ ಇನ್ನೂ ಸಾಧ್ಯವಾಗಿಲ್ಲ.